ಫೋನ್ ಮಾತುಕತೆಯ ಪುಟಗಳನ್ನು ದಯವಿಟ್ಟು ಹಾರಿಸಬೇಡಿ

ಫ್ರೆಡೆರಿಕ್ ಫೋರ್ಸೈತ್ ಅವರ ‘ದಿ ನೆಗೋಷಿಯೇಟರ್’ ಕಾದಂಬರಿ ಬಗ್ಗೆ ನಮ್ಮ ಹಾಸನದ ಓದುವ ಗೆಳೆಯರ ನಡುವೆ ಜೋರು ವಾದ ನಡೆದಿದೆ. ಭಾನುವಾರ ಮಹಾರಾಜ ಪಾರ್ಕಿನಲ್ಲಿ ಶುರುವಾದದ್ದು ವಾಟ್ಸಾಪ್‌ನಲ್ಲಿ ಇನ್ನೂ ಮುಗಿದಿಲ್ಲ. ಅಲ್ಲಿ ನಾಲ್ಕು ಸಾಲಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಓದದವರಿಗೆ ಕಥೆ ಇಷ್ಟು. 1989ರ ಪುಸ್ತಕ. ಆಕ್ಸ್‌ಫರ್ಡ್‌ನಲ್ಲಿ ಓದುತ್ತಿರುವ ಅಮೆರಿಕದ ಅಧ್ಯಕ್ಷರ ಮಗನನ್ನು ಬೆಳಿಗ್ಗೆ ಓಡಲು ಹೋದಾಗ ಅಪಹರಿಸುತ್ತಾರೆ. ಅಪ್ಪ ಸೋವಿಯತ್ ಒಕ್ಕೂಟದ ಜೊತೆ ಶಸ್ತ್ರಾಸ್ತ್ರ ಕಡಿತದ ಒಪ್ಪಂದಕ್ಕೆ ಮುಂದಾಗಿದ್ದಾನೆ. ಅದು ಆಗಬಾರದು ಅನ್ನುವವರು ಎರಡೂ ದೇಶದಲ್ಲಿದ್ದಾರೆ. ಅಪಹರಣಕಾರರ ಜೊತೆ ಮಾತಾಡಲು ಸ್ಪೇನಿನಲ್ಲಿ ಸುಮ್ಮನೆ ಬದುಕುತ್ತಿದ್ದ ಕ್ವಿನ್ ಎಂಬ ಹಳೆಯ ಸಂಧಾನಕಾರನನ್ನು ಕರೆತರುತ್ತಾರೆ. ಹುಡುಗನಿಗೆ ಏನಾಯಿತು ಅಂತ ನಾನು ಹೇಳಲ್ಲ.

ಗೆಳೆಯರ ದೂರುಗಳಲ್ಲಿ ಕೆಲವನ್ನು ನಾನು ಪೂರ್ತಿ ಒಪ್ಪುತ್ತೇನೆ. ಎಫ್‌ಬಿಐನ ಸ್ಯಾಮ್ ಎಂಬ ಹೆಣ್ಣುಮಗಳನ್ನು ಲೇಖಕರು ಸರಿಯಾಗಿ ಬಳಸಿಕೊಂಡಿಲ್ಲ ಅಂತ ನಮ್ಮ ಲೆಕ್ಚರರ್ ಮೇಡಂ ಹೇಳಿದರು. ನಿಜ. ತರಬೇತಿ ಪಡೆದ ಅಧಿಕಾರಿ ಬರಬರುತ್ತಾ ನಾಯಕನ ಪ್ರೇಯಸಿ ಮಾತ್ರ ಆಗಿಬಿಡುತ್ತಾಳೆ. ಕೊನೆಯ ಭಾಗದಲ್ಲಿ ಕ್ವಿನ್ ಯುರೋಪೆಲ್ಲ ಸುತ್ತಿ ಅಪಹರಣಕಾರರನ್ನು ಹುಡುಕುವುದು ತೀರಾ ಸಲೀಸು ಅನ್ನುವ ಮಾತೂ ಸರಿ. ಶುರುವಿನ ತೈಲ, ಟ್ಯಾಂಕು, ಸೇನಾಧಿಕಾರಿಗಳ ಸಭೆಗಳು ಕೆಲವರಿಗೆ ಭಾರವಾದವು. ನನಗೆ ಆಗಲಿಲ್ಲ. ಆಗಿನ ಬ್ರಿಟನ್ ಪ್ರಧಾನಿ ಥ್ಯಾಚರ್, ಸೋವಿಯತ್ ನಾಯಕ ಗೋರ್ಬಚೆವ್ ತಮ್ಮ ಹೆಸರಲ್ಲೇ ಪಾತ್ರಗಳಾಗಿ ಬರುವುದು ಆ ಕಾಲವನ್ನು ಕಣ್ಣಮುಂದೆ ತರುತ್ತದೆ.

ಆದರೆ ಸಕಲೇಶಪುರದ ಗೆಳೆಯನೊಬ್ಬ ಹೇಳಿದ ಮಾತು ನನ್ನನ್ನು ಕಾಡುತ್ತಿದೆ. ‘ಮಧ್ಯದಲ್ಲಿ ಬರೀ ಫೋನು, ಬರೀ ಕಾಯೋದು. ಆ ಪುಟಗಳನ್ನು ಹಾರಿಸಿಬಿಟ್ಟೆ’ ಅಂದ. ಹಲವರು ಹೂಂಗುಟ್ಟಿದರು.

ಅಣ್ಣಾ, ಆ ಪುಟಗಳೇ ಕಾದಂಬರಿ! ಲಂಡನ್ನಿನ ಒಂದು ಫ್ಲ್ಯಾಟಿನಲ್ಲಿ ಕ್ವಿನ್ ಫೋನಿನ ಮುಂದೆ ಕೂತಿರುತ್ತಾನೆ. ಆ ಕಡೆಯವನು ಸಾರ್ವಜನಿಕ ಫೋನ್ ಬೂತಿನಿಂದ ಮಾತಾಡಿ, ಪೊಲೀಸರು ಪತ್ತೆ ಮಾಡುವ ಮೊದಲೇ ಇಟ್ಟುಬಿಡುತ್ತಾನೆ. ಕೇಳಿದಷ್ಟು ಹಣ ಕೊಡುವ ತಾಕತ್ತು ಅಮೆರಿಕಕ್ಕೆ ಇದೆ. ಆದರೂ ಕ್ವಿನ್ ಚೌಕಾಸಿ ಮಾಡುತ್ತಾನೆ. ನಮ್ಮ ಆಲೂಗಡ್ಡೆ ಮಂಡಿಯಲ್ಲಿ ಮೊದಲ ಬೆಲೆಗೇ ಹೂಂ ಅಂದರೆ, ಮಾರುವವನಿಗೆ ‘ಛೆ, ಇನ್ನೂ ಜಾಸ್ತಿ ಹೇಳಬಹುದಿತ್ತು’ ಅನ್ನಿಸಲ್ವಾ? ಇಲ್ಲಿ ಹಾಗೆ ಅನ್ನಿಸಿದರೆ ಹುಡುಗನ ಜೀವಕ್ಕೇ ಕುತ್ತು. ಬೇಗ ಒಪ್ಪಿದರೆ ಇನ್ನಷ್ಟು ಕೇಳುತ್ತಾರೆ, ತೀರಾ ಎಳೆದರೆ ರೊಚ್ಚಿಗೇಳುತ್ತಾರೆ. ಹುಡುಗ ಬದುಕಿದ್ದಾನೆ ಅಂತ ಖಾತ್ರಿ ಮಾಡಿಕೊಳ್ಳಲು ಅವನೊಬ್ಬನೇ ಉತ್ತರಿಸಬಲ್ಲ ಪ್ರಶ್ನೆ ಕಳಿಸಬೇಕು. ಇಷ್ಟೆಲ್ಲದರ ಮಧ್ಯೆ ಅದೇ ಫ್ಲ್ಯಾಟಿನ ಗೋಡೆಗಳಲ್ಲಿ ಕ್ವಿನ್‌ನ ಮಾತು ಕದ್ದು ಕೇಳುವ ಯಂತ್ರಗಳನ್ನು ಇಟ್ಟಿರುವವರು ಅವನ ಕಡೆಯವರೇ. ಗೂಢಚರ್ಯೆ ಅಂದರೆ ಇದು. ತಾವು ಬ್ರಿಟನ್ನಿನ ಗುಪ್ತಚರ ಸಂಸ್ಥೆಗೆ ಕೆಲಸ ಮಾಡಿದ್ದಾಗಿ ಫೋರ್ಸೈತ್ 2015ರಲ್ಲಿ ಹೇಳಿಕೊಂಡರು. ಈ ಪುಟಗಳು ಅಷ್ಟು ಗಟ್ಟಿಯಾಗಿ ಬಂದಿರುವುದಕ್ಕೆ ಅದೂ ಒಂದು ಕಾರಣ ಅನ್ನಿಸುತ್ತದೆ.

ಕಾಯುವುದು ಬೋರು ಅಂತ ಬೇರೆ ಯಾರೇ ಅಂದರೂ ಸುಮ್ನಿರುತ್ತಿದ್ದೆ. ಕನ್ನಡದವರು ಹೇಗೆ ಅನ್ನುತ್ತಾರೆ? ನಾವು 108 ದಿನ ಕಾದವರು. 2000ದ ಜುಲೈ 30ರ ರಾತ್ರಿ ಗಾಜನೂರಿನ ಮನೆಯಿಂದ ವೀರಪ್ಪನ್ ರಾಜ್‌ಕುಮಾರ್ ಅವರನ್ನು ಕರೆದೊಯ್ದ. ಅವರು ಬಿಡುಗಡೆಯಾದದ್ದು ನವೆಂಬರ್ 15ರಂದು. ಕಾದಂಬರಿಯಲ್ಲಿ ಫೋನ್ ಬೂತ್ ಮಾಡುವ ಕೆಲಸವನ್ನು ಇಲ್ಲಿ ಕ್ಯಾಸೆಟ್ ಮಾಡಿತು. ಕಾಡಿನಿಂದ ಕ್ಯಾಸೆಟ್ ಬರಬೇಕು, ಸಂಧಾನಕ್ಕೆ ಒಪ್ಪಿದ ತಮಿಳು ಪತ್ರಿಕೆಯ ಸಂಪಾದಕ ನಕ್ಕೀರನ್ ಗೋಪಾಲ್ ಮತ್ತೆ ಕಾಡಿಗೆ ಹೋಗಬೇಕು, ಎರಡು ರಾಜ್ಯದ ಮುಖ್ಯಮಂತ್ರಿಗಳು, ಎಸ್.ಎಂ. ಕೃಷ್ಣ ಮತ್ತು ಕರುಣಾನಿಧಿ, ಕೂತು ಮಾತಾಡಬೇಕು. ಹಾಸನದಲ್ಲೂ ಬೆಳಗಾದರೆ ಜನ ರೇಡಿಯೋದ ಪ್ರದೇಶ ಸಮಾಚಾರಕ್ಕೆ ಕಿವಿಗೊಟ್ಟು ‘ಇವತ್ತು ಏನಾದ್ರೂ ಬಂತಾ?’ ಅಂತ ಕೇಳುತ್ತಿದ್ದರು. ವೀರಪ್ಪನ್ ಬೇಡಿಕೆಗಳಲ್ಲಿ ಕಾವೇರಿ ನೀರಿತ್ತು, ಬೆಂಗಳೂರಿನ ತಿರುವಳ್ಳುವರ್ ಪ್ರತಿಮೆ ಇತ್ತು, ಟಾಡಾ ಕೈದಿಗಳ, ಅಂದರೆ ಅವನಿಗೆ ನೆರವಾದ ಆರೋಪದಲ್ಲಿ ಭಯೋತ್ಪಾದನಾ ತಡೆ ಕಾಯ್ದೆಯಡಿ ಜೈಲಿನಲ್ಲಿದ್ದವರ, ಬಿಡುಗಡೆಯೂ ಇತ್ತು. ಒಬ್ಬ ಕಾಡುಗಳ್ಳನ ಕೈಯಲ್ಲಿ ಅಪಹರಣ ರಾಜಕೀಯವಾಗಿ ತಿರುಗಿದ್ದು ಹೀಗೆ.

ಈ ಕಾದಂಬರಿಯ ಬಗ್ಗೆ ನನಗಿರುವ ದೊಡ್ಡ ತಕರಾರು ಇಲ್ಲಿಂದಲೇ ಬರುತ್ತದೆ. ಗೆಳೆಯರಲ್ಲಿ ಯಾರೂ ಅದನ್ನು ಎತ್ತಲಿಲ್ಲ. ಫೋರ್ಸೈತ್ ಬರೆದಿರುವುದು ಒಬ್ಬ ಅಪ್ಪನ ನೋವನ್ನು. ಮಗನ ಚಿಂತೆಯಲ್ಲಿ ಕುಸಿಯುವ ಆ ಅಧ್ಯಕ್ಷನನ್ನು ತುಂಬಾ ಚೆನ್ನಾಗಿ ಬರೆದಿದ್ದಾರೆ. ಆದರೆ ನಮ್ಮ 108 ದಿನಗಳಲ್ಲಿ ಇನ್ನೊಬ್ಬ ಅಪ್ಪ ಇದ್ದರು, ಅಬ್ದುಲ್ ಕರೀಂ. ಅವರ ಮಗ, ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್, 1992ರ ಆಗಸ್ಟ್‌ನಲ್ಲಿ ವೀರಪ್ಪನ್ ಗುಂಪಿನ ದಾಳಿಯಲ್ಲಿ ಎಸ್‌ಪಿ ಹರಿಕೃಷ್ಣ ಅವರ ಜೊತೆ ಸತ್ತರು. ಟಾಡಾ ಕೈದಿಗಳನ್ನು ಬಿಡಬಾರದು ಅಂತ ಕರೀಂ ಸುಪ್ರೀಂ ಕೋರ್ಟಿಗೆ ಹೋದರು. 2000ದ ನವೆಂಬರ್ 7ರಂದು ತೀರ್ಪು ಅವರ ಪರ ಬಂತು. ಇಡೀ ನಾಡು ‘ಏನಾದ್ರೂ ಕೊಡಿ, ಅಣ್ಣಾವ್ರನ್ನು ಕರ್ಕೊಂಡು ಬನ್ನಿ’ ಅನ್ನುತ್ತಿದ್ದಾಗ ಬೇಡ ಅನ್ನಲು ಎಂಥ ಗಟ್ಟಿ ಎದೆ ಬೇಕಿತ್ತು! ಅಣ್ಣಾವ್ರು ಮನೆಗೆ ಬರಲಿ ಅಂತ ಹರಕೆ ಹೊತ್ತ ಮನೆಗಳಲ್ಲಿ ನಮ್ಮದೂ ಒಂದು. ಆದರೂ ಆ ತಂದೆ ಕೇಳಿದ್ದು ನ್ಯಾಯ ಅಂತಲೇ ನಾನು ನಂಬುತ್ತೇನೆ. ಎರಡೂ ಒಟ್ಟಿಗೆ ನಿಜವಾಗಬಹುದು.

ಕೊಡಬೇಕೋ ಬೇಡವೋ ಅನ್ನುವ ಪ್ರಶ್ನೆಗೆ ಸುಲಭದ ಉತ್ತರ ಇಲ್ಲ. ಇದೇ ಪುಸ್ತಕ ಬಂದ ವರ್ಷದ ಡಿಸೆಂಬರ್‌ನಲ್ಲಿ ಕೇಂದ್ರ ಗೃಹ ಸಚಿವರ ಮಗಳು ರುಬಯಾ ಸಯೀದ್ ಅವರನ್ನು ಶ್ರೀನಗರದಲ್ಲಿ ಅಪಹರಿಸಿದರು. ಐವರು ಉಗ್ರರನ್ನು ಬಿಟ್ಟ ಮೇಲೆ ಆಕೆ ಮನೆಗೆ ಬಂದರು. 2002ರ ಆಗಸ್ಟ್‌ನಲ್ಲಿ ವೀರಪ್ಪನ್ ಮಾಜಿ ಸಚಿವ ಎಚ್. ನಾಗಪ್ಪ ಅವರನ್ನು ಎತ್ತಿಕೊಂಡು ಹೋದ. ಡಿಸೆಂಬರ್‌ನಲ್ಲಿ ಅವರ ಹೆಣ ಸಿಕ್ಕಿತು. ಕಾದಂಬರಿಯಲ್ಲಿ ಕೊಡಬೇಕಾದದ್ದು ವಜ್ರ. ವಜ್ರ ಕೊಟ್ಟರೆ ಬೇರೆ ಯಾರ ಮಗನ ಸಾವಿಗೂ ಅನ್ಯಾಯ ಆಗಲ್ಲ. ಹಾಗಾಗಿ ಆ ಅತಿ ಕಷ್ಟದ ಪ್ರಶ್ನೆಯನ್ನು ಲೇಖಕರು ಮುಟ್ಟುವುದೇ ಇಲ್ಲ. ಇಷ್ಟು ಬುದ್ಧಿವಂತ ಪುಸ್ತಕದಲ್ಲಿ ಇದು ದೊಡ್ಡ ಕೊರತೆ.

ಸಕಲೇಶಪುರದ ಗೆಳೆಯನಿಗೆ ಪುಸ್ತಕ ವಾಪಸ್ ಕೊಟ್ಟಿದ್ದೇನೆ, ಹಾರಿಸಿದ ಪುಟಗಳನ್ನು ಓದಿ ಬಾ ಅಂತ. ನಮ್ಮಲ್ಲಿ ಥ್ರಿಲ್ಲರ್ ಬರೆಯುವ ಹುಡುಗ ಹುಡುಗಿಯರು ಈಗ ತುಂಬಾ ಜನ ಇದ್ದೀರಿ. ಆ 108 ದಿನಗಳನ್ನು ಕಾದಂಬರಿ ಮಾಡುವವರು ಕಾಡಿನ ಗುಂಡಿನ ಸದ್ದಿಗೆ ಜಾಸ್ತಿ ಪುಟ ಕೊಡಬೇಡಿ. ಕ್ಯಾಸೆಟ್‌ಗಳಿಗೆ ಕೊಡಿ, ಆ ಕೋರ್ಟಿಗೆ ಕೊಡಿ, ಕರೀಂ ಅವರ ಮನೆಗೆ ಕೊಡಿ. ಮುಂದಿನ ಭಾನುವಾರ ಪಾರ್ಕಿನಲ್ಲಿ ಇದೇ ಚರ್ಚೆ ಮುಂದುವರಿಯುತ್ತದೆ. ಹಾಸನದವರು ಯಾರು ಬೇಕಾದರೂ ಬನ್ನಿ, ಪುಸ್ತಕ ಓದಿರದಿದ್ದರೂ ಪರವಾಗಿಲ್ಲ.