ಸ್ಪಷ್ಟನೆ: ಹೆಕ್ಮತ್ಯಾರ್ ತಾಲಿಬಾನ್ ನಾಯಕನಲ್ಲ, ಶಾಂತಿ ಒಪ್ಪಂದದಿಂದ ಮೂಲೆಗುಂಪಾದವನೂ ಅಲ್ಲ

‘ತಾಲಿಬಾನ್‌ನ ಹಿರಿಯ ನಾಯಕ ಗುಲ್ಬುದ್ದೀನ್ ಹೆಕ್ಮತ್ಯಾರ್ ಶಾಂತಿಗೆ ಒಪ್ಪಿ ಆಯುಧ ಕೆಳಗಿಟ್ಟ, ಅದಕ್ಕೇ ಮೂಲೆಗುಂಪಾದ’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಎರಡೂ ಮಾತು ತಪ್ಪು.

ಆತ ಅಫ್ಗಾನಿಸ್ತಾನದ ಹಿಜ್ಬ್-ಎ-ಇಸ್ಲಾಮಿ ಪಕ್ಷದ ಮುಖ್ಯಸ್ಥ. 1990ರ ದಶಕದಲ್ಲಿ ಕಾಬೂಲ್ ಮೇಲೆ ರಾಕೆಟ್ ಮಳೆ ಸುರಿಸಿದವನು. ವಿಚಿತ್ರವೆಂದರೆ, ಅದೇ ದೇಶದ ಪ್ರಧಾನಿಯೂ ಆಗಿದ್ದ. ಪಾಕಿಸ್ತಾನ ಆತನನ್ನು ಬಿಟ್ಟು ತಾಲಿಬಾನ್ ಬೆನ್ನಿಗೆ ನಿಂತಾಗಲೇ ಬಲ ಕುಸಿಯಿತು. 1996ರಲ್ಲಿ ಕಾಬೂಲ್ ತಾಲಿಬಾನ್ ಪಾಲಾಯಿತು, ಈತ ಇರಾನ್ ಸೇರಿದ. 2001ರ ನಂತರ ಹಳೆಯ ಒಡನಾಡಿಗಳಲ್ಲಿ ಹಲವರು ಆತನಿಗೆ ಕಾಯದೆ ಕಾಬೂಲ್ ಸರ್ಕಾರದ ಜೊತೆ ಹೋದರು.

ಒಪ್ಪಂದವಾದದ್ದು 2016ರ ಸೆಪ್ಟೆಂಬರ್‌ನಲ್ಲಿ. ಅಧ್ಯಕ್ಷ ಅಶ್ರಫ್ ಘನಿ ಅರಮನೆಯಲ್ಲಿ ಸಹಿ ಹಾಕಿದರೆ, ಹೆಕ್ಮತ್ಯಾರ್ ಅಜ್ಞಾತ ಸ್ಥಳದಿಂದ, ವಿಡಿಯೊ ಪರದೆಯಲ್ಲಿ! ಆ ಹೊತ್ತಿಗೆ ಆತನ ಬಳಿ ಬಿಟ್ಟುಕೊಡಲು ದೊಡ್ಡ ಸೇನೆಯೇನೂ ಉಳಿದಿರಲಿಲ್ಲ. ವಿಶ್ವಸಂಸ್ಥೆಯ ನಿರ್ಬಂಧ ತೆರವು, 2017ರ ಮೇನಲ್ಲಿ ಕಾಬೂಲ್‌ಗೆ ವಾಪಸು: ಒಪ್ಪಂದದಿಂದ ಗಳಿಸಿದ್ದೇ ಹೆಚ್ಚು ಎನ್ನಬೇಕು.

2019ರ ಅಧ್ಯಕ್ಷೀಯ ಚುನಾವಣೆಯಲ್ಲಿ ಮೂರನೇ ಸ್ಥಾನವೇನೋ ಸಿಕ್ಕಿತು, ಆದರೆ ಮತ ಶೇ 4ನ್ನೂ ಮುಟ್ಟಲಿಲ್ಲ.