ಒಂದೂ ಮುಕ್ಕಾಲು ಕಿಲೋ ವಿಮಾನ

ನಮ್ಮ ಬೀದಿಯ ದಿನಸಿ ಅಂಗಡಿಯವರು ನನ್ನ ವಿಮಾನವನ್ನು ಮೊದಲ ಸಲ ತೂಗಿದಾಗ 920 ಗ್ರಾಂ ಬಂದಿತು. ನಕ್ಷೆಯಲ್ಲಿ 900 ಎಂದಿತ್ತು. 'ಇಪ್ಪತ್ತು ಗ್ರಾಂ ತಾನೆ, ಒಗ್ಗರಣೆಗೆ ಬೇಕಾದ ಸಾಸಿವೆ' ಎಂದು ಅವರೇ ಸಮಾಧಾನ ಹೇಳಿದರು. ಅಲ್ಲಿಗೆ ನಿಲ್ಲಿಸಬೇಕಾಗಿತ್ತು.

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾದ ಮೇಲೆ, ತುಮಕೂರಿನಲ್ಲಿ ಕುಳಿತ ನನಗೂ ಏನಾದರೊಂದು ಹಾರಿಸಬೇಕೆಂಬ ಹುಚ್ಚು ಹಿಡಿಯಿತು. ರೇಡಿಯೊ ನಿಯಂತ್ರಣದ ವಿಮಾನ, 1.2 ಮೀಟರ್ ರೆಕ್ಕೆ, ಬಾಲ್ಸಾ ಮರ. ಬಾಲ್ಸಾ ಎಂದರೆ ಫ್ಯಾನ್ ಹಾಕಿದರೆ ಹಲಗೆಯೇ ಮೇಜು ಬಿಟ್ಟು ಎದ್ದು ಹೋಗುವಷ್ಟು ಹಗುರ. ಹೆಬ್ಬೆರಳಿನಿಂದ ಒತ್ತಿದರೆ ಗುಳಿ. ಅಟ್ಟಕ್ಕೆ ಹಲಸಿನ ತೊಲೆ ಕೂರಿಸಿದ ವಂಶದವನು ನಾನು. ಇದನ್ನು ನಂಬುವುದು ಹೇಗೆ?

ರೆಕ್ಕೆಯ ಉದ್ದಕ್ಕೂ ತೆಂಗಿನ ಕಡ್ಡಿಗಳನ್ನು ಕೂರಿಸಿದೆ. ಮನೆಯ ಪೊರಕೆ ದಿನೇ ದಿನೇ ಸೊರಗುತ್ತಿರುವುದನ್ನು ಹೆಂಡತಿ ಗಮನಿಸಿದಳು, ಮಾತನಾಡಲಿಲ್ಲ. ಬಾಲಕ್ಕೆ ನಲವತ್ತು ಗ್ರಾಂ ಪ್ಲೈವುಡ್ ಬಡಿದೆ. ಎಡವಿದ್ದು ಅಲ್ಲಿಯೇ. ವಿಮಾನದ ಭಾರವೆಲ್ಲ ರೆಕ್ಕೆಯ ಮುಂದಿನ ಅಂಚಿನಿಂದ ಅದರ ಅಗಲದ ಕಾಲು ಭಾಗಕ್ಕೂ ಮೂರನೆಯ ಒಂದು ಭಾಗಕ್ಕೂ ನಡುವೆ ಸಮತೂಗಬೇಕು. ಅಲ್ಲಿಂದ ಬಾಲ ದೂರ, ಮೂತಿ ಹತ್ತಿರ, ಏತದ ಲೆಕ್ಕ. ನನ್ನ ವಿಮಾನದಲ್ಲಿ ಬಾಲದ ಒಂದು ಗ್ರಾಂಗೆ ಮೂತಿಯಲ್ಲಿ ಮೂರು ಗ್ರಾಂ ಸೀಸ ಬೇಕಾಯಿತು. ಸೀಸ ಹೊರಲು ಮೂತಿಗೆ ದಪ್ಪ ಹಲಗೆ, ಹಲಗೆ ಹಿಡಿಯಲು ಎಪಾಕ್ಸಿ ಅಂಟು, ಇಷ್ಟನ್ನೂ ನೆಲದ ಮೇಲೆ ನಿಲ್ಲಿಸಲು ಇನ್ನೂ ದಪ್ಪದ ಚಕ್ರದ ತಂತಿ. ಮಗಳ ಮದುವೆಯ ಖರ್ಚಿನ ಪಟ್ಟಿಯೂ ಹೀಗೆ ಬೆಳೆದಿರಲಿಲ್ಲ.

ನಡುವೆ ಕ್ಷಣದಲ್ಲಿ ಹಿಡಿಯುವ ಅಂಟು ಪಂಚೆಯ ಮೇಲೆ ಚೆಲ್ಲಿತು. ಆ ಅಂಟಿಗೆ ಹತ್ತಿ ಬಟ್ಟೆ ಸಿಕ್ಕರೆ ಕೂಡಲೇ ಗಟ್ಟಿಯಾಗುತ್ತದೆ, ಗಟ್ಟಿಯಾಗುತ್ತಲೇ ಸುಡುವಷ್ಟು ಬಿಸಿಯಾಗುತ್ತದೆ. ತೊಡೆ ಚುರ್ ಎಂದಿತು, ಎದ್ದೆ, ಪಂಚೆಯ ಜೊತೆ ರೆಕ್ಕೆಯೂ ಎದ್ದಿತು. ಅದೇ ಹೊತ್ತಿಗೆ ಬಾಗಿಲಿಗೆ ಕೊರಿಯರ್ ಹುಡುಗ ಬಂದ. ಸೊಂಟದಿಂದ ರೆಕ್ಕೆ ಚಾಚಿಕೊಂಡು ಅಡ್ಡಡ್ಡವಾಗಿ ಹೊಸ್ತಿಲು ದಾಟಿದ ನನ್ನನ್ನು ನೋಡಿ ಅವನು, 'ಇಲ್ಲಿ ಸಹಿ ಮಾಡಿ ಸಾರ್' ಎಂದಷ್ಟೇ ಹೇಳಿದ. ಬಂದದ್ದು ಇನ್ನಷ್ಟು ಅಂಟು.

ಎರಡನೆಯ ತೂಕ: 1 ಕಿಲೋ 720 ಗ್ರಾಂ. ಅಂಗಡಿಯವರು ಸಾಸಿವೆಯ ಮಾತೆತ್ತಲಿಲ್ಲ. 'ಹಾರುತ್ತದೆಯೇ?' ಎಂದರು. 'ಬಿದ್ದರೂ ಮುರಿಯುವುದಿಲ್ಲ' ಎಂದೆ.

ಭಾನುವಾರ ದೇವರಾಯನದುರ್ಗದ ದಾರಿಯಲ್ಲಿ, ಕೊಯ್ಲಾದ ರಾಗಿ ಹೊಲಕ್ಕೆ ಹೋದೆವು. ತೂಕ ಹೆಚ್ಚುಕಡಿಮೆ ಇಮ್ಮಡಿಯಾದರೆ ಗಾಳಿಯಲ್ಲಿ ನಿಲ್ಲಲು ವೇಗ ಶೇಕಡ 40ರಷ್ಟು ಹೆಚ್ಚಬೇಕು. ನನ್ನ ಮೋಟಾರಿಗೆ ಅದನ್ನು ಯಾರೂ ತಿಳಿಸಿರಲಿಲ್ಲ. ಕೈಯಿಂದ ಎಸೆದೆ. ವಿಮಾನ ನಾಲ್ಕು ಮಾರು ಹೋಗಿ, ಮೂತಿಯ ಸೀಸವನ್ನು ನೆನಪಿಸಿಕೊಂಡು, ನೆಟ್ಟಗೆ ನೆಲಕ್ಕೆ ನಾಟಿತು. ಒಂದು ಬಿರುಕಿಲ್ಲ, ಒಂದು ಕಡ್ಡಿ ಅಲುಗಿಲ್ಲ. ಹೊಲದವರು ಕಿತ್ತುಕೊಟ್ಟು, ಗೇಣುದ್ದದ ಗುಂಡಿಯನ್ನು ನೋಡಿ, 'ಆ ಮೂಲೆಯಲ್ಲಿಯೂ ಎರಡು ಸಲ ಎಸೆಯಿರಿ, ತೊಗರಿ ಹಾಕಬೇಕು' ಎಂದರು.

ಮರಳುವಾಗ ಅಂಗಡಿಯವರೇ ಕರೆದು ವಿಮಾನವನ್ನು ತಕ್ಕಡಿಯ ಮೇಲಿಟ್ಟರು. 1 ಕಿಲೋ 750 ಗ್ರಾಂ. ಆಮೇಲೆ ಮೂತಿಗೆ ಮೆತ್ತಿದ್ದ ಮಣ್ಣನ್ನು ಬಟ್ಟೆಯಿಂದ ಒರೆಸಿ, ಮತ್ತೆ ತೂಗಿದರು. 'ನಾವು ಮಣ್ಣನ್ನು ತೂಕಕ್ಕೆ ಸೇರಿಸುವುದಿಲ್ಲ ಸಾರ್.'