ಮಾತಾಡಿದವರು ಯಾರು ನೋಡಿ
ಈಗಿನ ಯುದ್ಧ ಸಾಕ್ಷ್ಯಚಿತ್ರಗಳಲ್ಲಿ ಅಷ್ಟು ಒಳ್ಳೆಯ ಗ್ರಾಫಿಕ್ಸ್ ಇರುವಾಗ ಎರಡನೇ ಮಹಾಯುದ್ಧದ ಬಗ್ಗೆ 1973ರಲ್ಲಿ ಬಂದ ಟಿವಿ ಸರಣಿ ‘ದಿ ವರ್ಲ್ಡ್ ಅಟ್ ವಾರ್’ ಯಾಕೆ ನೋಡಬೇಕು ಅಂತ ಕೇಳಿದ್ದೀರಿ. ಗ್ರಾಫಿಕ್ಸ್ ಬಿಡಿ ಸಾರ್, ಅದರಲ್ಲಿ ಮಾತಾಡಿದವರು ಯಾರು ನೋಡಿ. ಹಿಟ್ಲರನ ಮಂತ್ರಿ ಆಲ್ಬರ್ಟ್ ಸ್ಪೀರ್, ಕಾರ್ಯದರ್ಶಿಯಾಗಿದ್ದ ಟ್ರೌಡಲ್ ಯುಂಗೆ, ಜರ್ಮನ್ ನೌಕಾಪಡೆಯ ಮುಖ್ಯಸ್ಥನಾಗಿದ್ದ ಡೋನಿಟ್ಸ್, ಎಲ್ಲರೂ ಕ್ಯಾಮೆರಾ ಮುಂದೆ ಕೂತಿದ್ದಾರೆ. ಯುದ್ಧ ಮುಗಿದು ಆಗಿನ್ನೂ ಮೂವತ್ತು ವರ್ಷವೂ ಆಗಿರಲಿಲ್ಲ ಅಲ್ವಾ? ಸ್ಪೀರ್ ಎಷ್ಟು ಸಭ್ಯಸ್ಥನ ಹಾಗೆ ಮಾತಾಡುತ್ತಾನೆ ಅಂದರೆ, ಸುಮ್ನೆ ನಂಬಿಬಿಡೋಣ ಅನಿಸುತ್ತದೆ. ಅದಕ್ಕೇ ಭಯವಾಗುತ್ತದೆ.

ಮೊದಲ ಕಂತು ಶುರುವಾಗುವುದು ಫ್ರಾನ್ಸಿನ ಒರಾಡೂರ್ ಎಂಬ ಸುಟ್ಟ ಹಳ್ಳಿಯಿಂದ. 1944ರ ಜೂನಿನಲ್ಲಿ ನಾಜಿ ಸೈನಿಕರು ಅಲ್ಲಿ 600ಕ್ಕೂ ಜಾಸ್ತಿ ಜನರನ್ನು ಕೊಂದರು. ತೆರೆಯ ಮೇಲೆ ಖಾಲಿ ಬೀದಿ, ಜೊತೆಗೆ ನಿರೂಪಣೆ ಮಾಡಿದ ನಟ ಲಾರೆನ್ಸ್ ಒಲಿವಿಯೆ ದನಿ, ಅಷ್ಟೇ. ಯಾವ ಗ್ರಾಫಿಕ್ಸ್ ಬೇಕು ಹೇಳಿ!

ಒಂದು ತಕರಾರಿದೆ. 26 ಕಂತುಗಳಲ್ಲಿ ಬರ್ಮಾ ಯುದ್ಧಕ್ಕೆ ಒಂದು ಸಿಕ್ಕಿದೆ ನಿಜ, ಆದರೆ ಅಲ್ಲಿ ಬ್ರಿಟಿಷರ ಪರ ಹೋರಾಡಿದ ನಮ್ಮ ಭಾರತೀಯ ಸೈನಿಕರ ಮಾತು ಇನ್ನಷ್ಟು ಇರಬೇಕಿತ್ತು.